ಗುರುಗಳ ಹೆಸರಿಗೆ ಫಲಕ: ದಾವಣಗೆರೆ, ಚಿತ್ರದುರ್ಗದಲ್ಲಿ ಸಿಗುವ ಕೆಲಸದ ವಿಮರ್ಶೆ

ಊರಿನ ಮೇಷ್ಟ್ರ ಹೆಸರನ್ನು ಶಾಲೆಗೆ ಇಡಿಸುವ ಹೊತ್ತಿಗೆ ಎಲ್ಲರೂ ಸೋತಿರುತ್ತಾರೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಠರಾವು, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ, ಡಿಡಿಪಿಐ (ಜಿಲ್ಲೆಯ ಶಿಕ್ಷಣ ಉಪನಿರ್ದೇಶಕರ) ಕಚೇರಿ ಎಂದು ಕಡತ ಸುತ್ತಿ ಆದೇಶ ಕೈಗೆ ಬರುವಷ್ಟರಲ್ಲಿ ಸಮಾರಂಭದ ದಿನ ಹತ್ತಿರ ಬಂದಿರುತ್ತದೆ. ಫಲಕದ ಕೆಲಸ ಕೊನೆಯ ವಾರಕ್ಕೆ ಬಿದ್ದು, ಯಾರ ಅಂಗಡಿ ಖಾಲಿ ಇದೆಯೋ ಅವರ ಪಾಲಾಗುತ್ತದೆ. ಮೂವತ್ತು ವರ್ಷ ಪಾಠ ಮಾಡಿದವರ ಹೆಸರು ಮೂರೇ ಮಳೆಗಾಲಕ್ಕೆ ಮಾಸಿ ಹೋಗುವುದು ಇದೇ ಕಾರಣಕ್ಕೆ. ಅದನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ, ಯಾಕೆಂದರೆ ಸ್ವಲ್ಪ ಮೊದಲೇ ಗಮನ ಕೊಟ್ಟಿದ್ದರೆ ಹಾಗಾಗುತ್ತಿರಲಿಲ್ಲ.

ದಾವಣಗೆರೆಯಲ್ಲಿ ಈ ಕೆಲಸ ಮಾಡುವವರು ಮುಖ್ಯವಾಗಿ ಮೂರು ಬಗೆಯವರು: ಫ್ಲೆಕ್ಸ್ ಹಾಗೂ ಡಿಜಿಟಲ್ ಪ್ರಿಂಟಿಂಗ್ ಅಂಗಡಿಗಳು, ಎಸಿಪಿ (ಪ್ಲಾಸ್ಟಿಕ್ ತಿರುಳಿನ ಎರಡೂ ಬದಿಗೆ ಅಲ್ಯುಮಿನಿಯಂ ಪದರ ಇರುವ ಶೀಟ್) ಮತ್ತು ಸ್ಟೀಲ್ ಅಕ್ಷರ ಕತ್ತರಿಸುವ ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಯಂತ್ರದ) ಘಟಕಗಳು, ಊರಂಚಿನ ಗ್ರಾನೈಟ್ ಯಾರ್ಡ್‌ಗಳು. ಚಿತ್ರದುರ್ಗದಲ್ಲೂ ಇದೇ ವಿಂಗಡಣೆ. ಬ್ರಷ್ ಹಿಡಿದು ಗೋಡೆ ಮೇಲೆ ಬರೆಯುವ ಪೇಂಟರ್‌ಗಳು ಇವರ ಜೊತೆಗಿದ್ದಾರೆ, ಅವರ ಮಾತು ಮುಂದೆ ಬರುತ್ತದೆ. ನಮ್ಮ ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ: ಗುರುಗಳ ಹೆಸರನ್ನು ಮಾತ್ರ ಕಪ್ಪು ಗ್ರಾನೈಟ್‌ನಲ್ಲಿ ಸ್ಯಾಂಡ್ ಬ್ಲಾಸ್ಟಿಂಗ್‌ನಿಂದ, ಅಂದರೆ ಗಾಳಿಯ ಒತ್ತಡದಲ್ಲಿ ಹರಳು ಹೊಡೆದು, ಕೊರೆಸಿ. ಶಾಲೆಯ ಹಂತ, ಊರು, ತಾಲ್ಲೂಕು, ಜಿಲ್ಲೆ, ಯು-ಡೈಸ್ ಸಂಖ್ಯೆ (ಪ್ರತಿ ಶಾಲೆಗೂ ಇರುವ ಸರ್ಕಾರಿ ಗುರುತಿನ ಸಂಖ್ಯೆ) ಇವೆಲ್ಲ ಬೇರೊಂದು ಎಸಿಪಿ ಬೋರ್ಡಿನಲ್ಲೋ ಬಣ್ಣದಲ್ಲೋ ಇರಲಿ. ಎರಡನ್ನೂ ಒಂದೇ ಕಲ್ಲಿಗೆ ತುಂಬಬೇಡಿ, ಒಂದೇ ಅಂಗಡಿಗೂ ವಹಿಸಬೇಡಿ.

ಯಾಕೆ ಬೇರೆ ಬೇರೆ ಎಂಬುದಕ್ಕೆ ನಮ್ಮ ಸೀಮೆಯೇ ಸಾಕ್ಷಿ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ದಾವಣಗೆರೆ, ಹರಿಹರ, ಜಗಳೂರು ತಾಲ್ಲೂಕುಗಳು ಚಿತ್ರದುರ್ಗ ಜಿಲ್ಲೆಯಿಂದ, ಹೊನ್ನಾಳಿ, ಚನ್ನಗಿರಿ ಶಿವಮೊಗ್ಗದಿಂದ, ಹರಪನಹಳ್ಳಿ ಬಳ್ಳಾರಿಯಿಂದ ಬಂದು ಸೇರಿದವು. ಹರಪನಹಳ್ಳಿ 2018ರಲ್ಲಿ ಬಳ್ಳಾರಿಗೆ ವಾಪಸಾಯಿತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಹೋಯಿತು. ಹೊನ್ನಾಳಿಯಿಂದ ನ್ಯಾಮತಿ ಬೇರೆಯಾಗಿ ತಾಲ್ಲೂಕಾಯಿತು. ಕಾಲು ಶತಮಾನದಲ್ಲಿ ಒಂದೇ ಶಾಲೆಯ ಜಿಲ್ಲೆಯ ಸಾಲು ಮೂರು ಸಲ ಬದಲಾದ ಉದಾಹರಣೆ ಹರಪನಹಳ್ಳಿ ಕಡೆ ಇದೆ. ಶಾಲೆಯ ಹಂತದ ಕಥೆಯೂ ಹಾಗೇ. ಕಿರಿಯ ಪ್ರಾಥಮಿಕ ಇದ್ದದ್ದು ಹಿರಿಯ ಪ್ರಾಥಮಿಕ ಆಗುತ್ತದೆ, ಪ್ರೌಢಶಾಲೆ ಸೇರಿಕೊಳ್ಳುತ್ತದೆ, ಕರ್ನಾಟಕ ಪಬ್ಲಿಕ್ ಶಾಲೆ ಎಂದಾಗುತ್ತದೆ. ಇಲಾಖೆಯ ಹೆಸರೂ ಈಗ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಇಲಾಖೆ. ಬದಲಾಗದೆ ಉಳಿಯುವುದು ಗುರುಗಳ ಹೆಸರೊಂದೇ. ಎಲ್ಲವನ್ನೂ ಒಂದೇ ಕಲ್ಲಿನಲ್ಲಿ ಕೊರೆಸಿದರೆ, ಜಿಲ್ಲೆ ಬದಲಾದ ದಿನ ಗುರುಗಳ ಹೆಸರಿದ್ದ ಕಲ್ಲೂ ಗೋಡೆಯಿಂದ ಇಳಿಯುತ್ತದೆ, ಇಲ್ಲವೇ ಅದರ ಮೇಲೆ ಸ್ಟಿಕ್ಕರ್ ಬೀಳುತ್ತದೆ.

ಗ್ರಾನೈಟ್ ಯಾರ್ಡ್‌ಗಳು

ಈ ಮೂರು ಬಗೆಯಲ್ಲಿ ಹೆಚ್ಚು ನಂಬಬಹುದಾದವರು ಇವರೇ, ಹೆಚ್ಚು ಪ್ರಶ್ನೆ ಕೇಳಬೇಕಾದದ್ದೂ ಇವರನ್ನೇ. ಕಲ್ಲಿನ ಗುಣಮಟ್ಟಕ್ಕೆ ಕೊರತೆ ಇಲ್ಲ. ಸಣ್ಣ ಕಾಳಿನ ಗಟ್ಟಿ ಕಪ್ಪು ಕಲ್ಲು, ಇಳಕಲ್ಲಿನ ಕೆಂಪು, ಬೂದು ಎಲ್ಲವೂ ಸಿಗುತ್ತವೆ. ಅಕ್ಷರಕ್ಕೆ ಕಪ್ಪೇ ಸರಿ. ಕೆಂಪು ಕಲ್ಲಿನ ಕಾಳುಗಳು ದಪ್ಪ, ಬಣ್ಣಗಳೂ ಬೆರೆತಿರುತ್ತವೆ. ತೆಳು ಗೆರೆಯ ಒತ್ತಕ್ಷರ ಆ ಚುಕ್ಕೆಗಳ ನಡುವೆ ಕಳೆದುಹೋಗುತ್ತದೆ. ಕೆಂಪೇ ಬೇಕೆಂದರೆ ಫಲಕದ ಸುತ್ತ ಚೌಕಟ್ಟಿಗೆ ಬಳಸಿ, ಚೆನ್ನಾಗಿ ಒಪ್ಪುತ್ತದೆ. ಅಮೃತಶಿಲೆ ಬೇಡ. ಮಳೆ ಬಿಸಿಲಿಗೆ ಅದು ಹಳದಿಯಾಗುತ್ತದೆ, ಶಾಲೆ ತೊಳೆಯುವವರು ಒಂದು ಸಲ ಆಸಿಡ್ ಹಾಕಿದರೆ ಮೇಲ್ಮೈ ಕೆಟ್ಟೇ ಹೋಯಿತು.

ಯಾರ್ಡ್‌ನಲ್ಲಿ ಸಾಮಾನ್ಯವಾಗಿ ಇರುವುದು 16ರಿಂದ 18 ಮಿ.ಮೀ. ದಪ್ಪದ ಸ್ಲ್ಯಾಬ್. ಹೆಸರಿನ ಫಲಕಕ್ಕೆ 18ಕ್ಕಿಂತ ಕಡಿಮೆ ಒಪ್ಪಬೇಡಿ. 3 ಮಿ.ಮೀ. ಆಳಕ್ಕೆ ಕೊರೆದರೂ 15 ಉಳಿಯುತ್ತದೆ. 4 ಅಡಿ ಅಗಲ, 2 ಅಡಿ ಎತ್ತರದ 18 ಮಿ.ಮೀ. ಕಪ್ಪು ಕಲ್ಲು ಸುಮಾರು 40 ಕೆ.ಜಿ. ತೂಗುತ್ತದೆ. ಗೋಡೆಗೆ ಹೇಗೆ ಕೂರಿಸುತ್ತೀರಿ ಎಂಬ ಪ್ರಶ್ನೆಯನ್ನು ಈ ತೂಕ ಗೊತ್ತಿಟ್ಟುಕೊಂಡೇ ಕೇಳಬೇಕು.

ಕೊರೆಯುವುದರಲ್ಲಿ ಎರಡು ವಿಧಾನ. ಲೇಸರ್ ಎಂದರೆ ಪಾಲಿಶ್‌ನ ಮೇಲ್ಪದರವನ್ನು ಮಾತ್ರ ಸುಟ್ಟು ಬೆಳ್ಳಗೆ ಮಾಡುವುದು. ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಬಹಳ ಚೆಂದ ಕಾಣುತ್ತದೆ, ಗುರುಗಳ ಭಾವಚಿತ್ರವನ್ನೂ ಮೂಡಿಸಬಹುದು, ಬೇಗನೂ ಆಗುತ್ತದೆ. ಹಾಗಾಗಿ ಅಂಗಡಿಯವರು ಮೊದಲು ತೋರಿಸುವುದು ಅದನ್ನೇ. ಆದರೆ ಅದಕ್ಕೆ ಆಳವೇ ಇಲ್ಲ. ಹೊರಗೆ ಧೂಳು ಕೂತು, ಬೋರ್‌ವೆಲ್ ನೀರು ಬಿದ್ದು ಬಿಳಿ ಕಲೆಯಾದ ಮೇಲೆ ಅಕ್ಷರ ಮತ್ತು ಕಲೆ ಒಂದೇ ಬಣ್ಣಕ್ಕೆ ಬರುತ್ತವೆ. ಮತ್ತೆ ಬಣ್ಣ ತುಂಬೋಣವೆಂದರೆ ತುಂಬಲು ಕುಳಿ ಇಲ್ಲ. ಮುಖ್ಯೋಪಾಧ್ಯಾಯರ ಕೊಠಡಿಯ ಒಳಗೋ, ಮಳೆ ಬೀಳದ ಪಡಸಾಲೆಯಲ್ಲೋ ಭಾವಚಿತ್ರಕ್ಕೆ ಲೇಸರ್ ಸರಿ. ಗೇಟಿನ ಹೆಸರಿಗೆ ಬೇಡ.

ಸ್ಯಾಂಡ್ ಬ್ಲಾಸ್ಟಿಂಗ್‌ನಲ್ಲಿ ಕಲ್ಲಿನ ಮೇಲೆ ದಪ್ಪ ರಬ್ಬರಿನಂಥ ಸ್ಟೆನ್ಸಿಲ್ ಅಂಟಿಸಿ, ಅಕ್ಷರದ ಜಾಗ ಬಿಡಿಸಿ, ಒತ್ತಡದ ಗಾಳಿಯಲ್ಲಿ ಹರಳು ಹೊಡೆದು ಕಲ್ಲನ್ನು ಸವೆಸುತ್ತಾರೆ. ಆಳ 2ರಿಂದ 3 ಮಿ.ಮೀ. ಇರಬೇಕು. 1 ಮಿ.ಮೀ.ಗೆ ನಿಲ್ಲಿಸಿದರೆ ಬಣ್ಣ ಬೇಗ ಉದುರುತ್ತದೆ. ಯಾರ್ಡ್‌ನಲ್ಲಿ ಬೇರೆಯವರ ಕೆಲಸ ನಿಂತಿರುತ್ತದಲ್ಲ, ಅದರ ಮೇಲೆ ಉಗುರು ಎಳೆದು ನೋಡಿ. ಅಂಚಿಗೆ ಉಗುರು ಸಿಕ್ಕಿ ನಿಂತರೆ ಆಳ ಇದೆ, ಜಾರಿ ಹೋದರೆ ಇಲ್ಲ. ಬಂಗಾರದ ಬಣ್ಣಕ್ಕೆ ಸಾಮಾನ್ಯ ಎನಾಮೆಲ್ ಬದಲು ಹೊರಾಂಗಣದ ಪಿಯು (ಪಾಲಿಯುರೆಥೇನ್) ಆಧಾರದ ಬಣ್ಣ ಕೇಳಿ. ಬಿಸಿಲಿಗೆ ಅದು ಬಿಳಿಚಿಕೊಂಡರೂ ಕುಳಿ ಉಳಿದಿರುತ್ತದೆ, ಯಾವ ಪೇಂಟರ್ ಬೇಕಾದರೂ ಸಣ್ಣ ಬ್ರಷ್‌ನಲ್ಲಿ ಮತ್ತೆ ತುಂಬಬಹುದು. ಹೀಗೆ ಮತ್ತೆ ಮತ್ತೆ ಹೊಸದು ಮಾಡಬಹುದಾದ್ದರಿಂದಲೇ ಈ ವಿಧಾನಕ್ಕೆ ನಮ್ಮ ಮತ.

ಇದರಲ್ಲಿ ಕೆಡುವುದು ಎಲ್ಲಿ ಎಂದರೆ ಕನ್ನಡದ ಸಣ್ಣ ದುಂಡುಗಳಲ್ಲಿ. ಅನುಸ್ವಾರವನ್ನೇ ನೋಡಿ. ಅದು ಉಂಗುರ, ನಡುವೆ ಕಲ್ಲು ಉಳಿಯಬೇಕು. ಆ ನಡುವಿನ ಸ್ಟೆನ್ಸಿಲ್ ಚುಕ್ಕೆ ಸುತ್ತ ಯಾವುದಕ್ಕೂ ಅಂಟಿಕೊಂಡಿರುವುದಿಲ್ಲ. ಹರಳು ಹೊಡೆಯುವ ರಭಸಕ್ಕೆ ಅದು ಹಾರಿ ಹೋದರೆ ಉಂಗುರದ ಬದಲು ತುಂಬಿದ ಬೊಟ್ಟು ಬೀಳುತ್ತದೆ. ತ, ಧ, ಠ ಅಕ್ಷರಗಳ ಒಳಹೊಟ್ಟೆ, ಒತ್ತಕ್ಷರಗಳ ಸಣ್ಣ ಸುಳಿ ಇಲ್ಲೂ ಇದೇ ಅಪಾಯ. ಒಂದು ಒಳ್ಳೆಯ ಪರೀಕ್ಷೆ ಇದೆ. ಚಳ್ಳಕೆರೆ ತಾಲ್ಲೂಕಿನ ತಳುಕು ನಾಡಿಗೆ ಕೊಟ್ಟ ದೊಡ್ಡ ಮೇಷ್ಟ್ರು, ಕುವೆಂಪು ಅವರ ಗುರುಗಳು, ಟಿ.ಎಸ್. ವೆಂಕಣ್ಣಯ್ಯ. ಈ ಹೆಸರನ್ನು ಅರ್ಧ ಇಂಚಿನಲ್ಲಿ, ಒಂದು ಇಂಚಿನಲ್ಲಿ, ಎರಡು ಇಂಚಿನಲ್ಲಿ ಒಂದು ಚೂರು ಕಲ್ಲಿನ ಮೇಲೆ ಕೊರೆದು ಕೊಡಿ ಎಂದು ಕೇಳಿ. 'ವೆಂ'ನ ಉಂಗುರ, 'ಣ್ಣ'ದ ಒತ್ತು, 'ಯ್ಯ'ದ ಕೊಕ್ಕೆ ಮೂರೂ ಸ್ವಚ್ಛವಾಗಿ ಬಂದರೆ ಆ ಘಟಕಕ್ಕೆ ಯಾವ ಹೆಸರನ್ನಾದರೂ ಕೊಡಬಹುದು. ಅರ್ಧ ಇಂಚಿನಲ್ಲಿ ಬಹುತೇಕ ಎಲ್ಲರ ಕೆಲಸವೂ ಮುಚ್ಚಿಕೊಳ್ಳುತ್ತದೆ. ಹಾಗಾಗಿ ಕಲ್ಲಿನ ಮೇಲೆ ಒಂದೂಕಾಲು ಇಂಚಿಗಿಂತ ಸಣ್ಣ ಅಕ್ಷರ ಹಾಕಲೇಬೇಡಿ. ಚೂರು ಕಲ್ಲಿನ ಪರೀಕ್ಷೆಗೆ ಕೆಲಸ ಬಲ್ಲವರು ಬೇಸರ ಮಾಡಿಕೊಳ್ಳುವುದಿಲ್ಲ, ಸಬೂಬು ಹೇಳುವವರ ಹತ್ತಿರ ಮುಂಗಡ ಕೊಡುವ ಅಗತ್ಯವಿಲ್ಲ.

ಅಕ್ಷರದ ಗಾತ್ರಕ್ಕೆ ಬೋರ್ಡ್ ಕೆಲಸದವರು ಬಳಸುವ ಲೆಕ್ಕ ಸುಲಭ: ಪ್ರತಿ 10 ಅಡಿ ದೂರಕ್ಕೆ 1 ಇಂಚು. ರಸ್ತೆಯಿಂದ ಗೇಟಿನ ಕಂಬ 40 ಅಡಿ ಇದ್ದರೆ 4 ಇಂಚಿನ ಅಕ್ಷರ. ಆದರೆ ಕನ್ನಡದಲ್ಲಿ ಒತ್ತು ಕೆಳಗೆ, ಗುಣಿತ ಮೇಲೆ ಹೋಗುತ್ತವೆ. 4 ಇಂಚು ಎಂದಾಗ ಅಂಗಡಿಯವರು ತಲೆಕಟ್ಟಿನಿಂದ ಒತ್ತಿನ ತುದಿವರೆಗೆ ಅಳೆದರೆ ಮೂಲ ಅಕ್ಷರ ಎರಡೂವರೆ ಇಂಚಿಗೆ ಇಳಿಯುತ್ತದೆ. ಅಳತೆ ಒತ್ತಿಲ್ಲದ ಮೂಲ ಅಕ್ಷರದ್ದು ಎಂದು ಆರ್ಡರ್ ಚೀಟಿಯಲ್ಲಿ ಬರೆಸಿ. ಸಾಲಿನಿಂದ ಸಾಲಿಗೆ ಅಕ್ಷರದ ಎತ್ತರದ ಒಂದೂಮುಕ್ಕಾಲು ಪಟ್ಟು ಬಿಡಬೇಕು, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಇನಿಶಿಯಲ್ ಸೇರಿ ಆರೇಳು ಅಕ್ಷರದ ಹೆಸರಿಗೆ 4 ಇಂಚಿನಲ್ಲಿ, ಎರಡೂ ಕಡೆ ಅಂಚು ಬಿಟ್ಟು, 4 ಅಡಿ ಅಗಲದ ಕಲ್ಲು ಬೇಕಾಗುತ್ತದೆ.

ಪಶ್ಚಿಮಕ್ಕೆ ಮುಖ ಮಾಡಿದ ಗೇಟಿನಲ್ಲಿ ಕನ್ನಡಿಯಂಥ ಪಾಲಿಶ್ ಬೇಡ. ಶಾಲೆ ಬಿಡುವ ನಾಲ್ಕೂವರೆಯ ಬಿಸಿಲು ಕಲ್ಲಿನ ಮೇಲೆ ಬಿದ್ದು ಹೆಸರೇ ಕಾಣುವುದಿಲ್ಲ. ಹೊಳಪಿಲ್ಲದ ಲೆದರ್ ಫಿನಿಶ್ ಕೇಳಿ. ಅದರ ಮೇಲೆ ಸ್ಟೆನ್ಸಿಲ್ ಹಿಡಿಯುವುದು ಸ್ವಲ್ಪ ಕಷ್ಟ, ಕೆಲಸಗಾರರು ಮೊದಲೇ ಹೇಳುತ್ತಾರೆ. ಆಗ ನಯವಾಗಿದ್ದೂ ಹೊಳೆಯದ ಹೋನ್ಡ್ ಫಿನಿಶ್ ನಡುದಾರಿ.

ಸಾಗಣೆಯಲ್ಲಿ ಒಂದೇ ಮಾತು: ಕಲ್ಲನ್ನು ಟಾಟಾ ಏಸ್‌ನಲ್ಲಿ ಮಲಗಿಸಿ ತರಬೇಡಿ, ಅಂಚಿನ ಮೇಲೆ ನಿಲ್ಲಿಸಿ, ಹುಲ್ಲು ಅಥವಾ ಥರ್ಮಾಕೋಲ್ ಇಟ್ಟು ಕಟ್ಟಿ ತನ್ನಿ. ಮಲಗಿಸಿದ ಕಲ್ಲು ಹಂಪ್ ಹಾರಿದಾಗ ನಡುವೆ ಬಿರಿಯುತ್ತದೆ, ಕೊರೆದ ಸಾಲಿನುದ್ದಕ್ಕೇ ಬಿರಿಯುತ್ತದೆ.

ಗೋಡೆಗೆ ಕೂರಿಸುವುದನ್ನು ಯಾರ್ಡ್‌ನವರು 'ನಿಮ್ಮ ಮೇಸ್ತ್ರಿ ಮಾಡುತ್ತಾರೆ' ಎಂದು ಜಾರಿಸುತ್ತಾರೆ. ಈ ಯಾರ್ಡ್‌ಗಳ ಮೇಲೆ ನಮ್ಮ ದೊಡ್ಡ ದೂರು ಇದೇ. ನಾಲ್ಕು ಮೂಲೆಯ ತೂತುಗಳನ್ನು ಯಾರ್ಡ್‌ನಲ್ಲೇ, ಅಂಚಿನಿಂದ ಕನಿಷ್ಠ 2 ಇಂಚು ಒಳಗೆ, ನೀರು ಬಿಟ್ಟು ಡ್ರಿಲ್ ಮಾಡಿಸಿಕೊಳ್ಳಿ. ಸ್ಥಳದಲ್ಲಿ ಹ್ಯಾಮರ್ ಡ್ರಿಲ್ ಇಟ್ಟರೆ ಮೂಲೆ ಒಡೆಯುತ್ತದೆ. ಸಿಮೆಂಟ್ ಇಟ್ಟಿಗೆಯ ಹೊಸ ಗೋಡೆಯಾದರೆ 10 ಮಿ.ಮೀ. ಸ್ಟೇನ್‌ಲೆಸ್ ಆ್ಯಂಕರ್ (ಗೋಡೆಯೊಳಗೆ ಬಿಗಿಯುವ ಬೋಲ್ಟ್) ನಾಲ್ಕು, ಹಿಂದೆ ಟೈಲ್ ಅಂಟು, ಕೆಳಗೆ ತೂಕ ಹೊರಲು ಒಂದು ಸ್ಟೇನ್‌ಲೆಸ್ ಕೋನಪಟ್ಟಿ. ಪ್ಲಾಸ್ಟರ್ ಮೇಲೆ ಬೆರಳಿನಿಂದ ತಟ್ಟಿ ನೋಡಿ. ಡಬ್ ಡಬ್ ಎಂದರೆ ಪ್ಲಾಸ್ಟರ್ ಗೋಡೆ ಬಿಟ್ಟಿದೆ, ಅಷ್ಟು ಜಾಗ ಕೆತ್ತಿ ತೆಗೆದು ಮತ್ತೆ ಮಾಡಿಸದೆ ಕಲ್ಲು ಕೂರಿಸಬಾರದು. ಮಂಗಳೂರು ಹೆಂಚಿನ ಹಳೆ ಶಾಲಾ ಕಟ್ಟಡಗಳಲ್ಲಿ ಗೋಡೆ ಮಣ್ಣುಗಾರೆಯ ಕಲ್ಲುಕಟ್ಟು. ಅದರಲ್ಲಿ ಆ್ಯಂಕರ್ ಹಿಡಿಯುವುದೇ ಇಲ್ಲ. ಅಂಥ ಕಡೆ ಗೋಡೆಯನ್ನು ಮುಟ್ಟದೆ, ಗೇಟಿನ ಪಕ್ಕ ಎರಡೂವರೆ ಅಡಿ ಎತ್ತರದ ಪೀಠ ಕಟ್ಟಿಸಿ, ಕಲ್ಲನ್ನು ಸ್ವಲ್ಪ ಹಿಂದಕ್ಕೆ ವಾಲಿಸಿ ಕೂರಿಸುವುದು ಒಳ್ಳೆಯದು. ಮಕ್ಕಳ ಕಣ್ಣಿನ ಮಟ್ಟಕ್ಕೂ ಅದೇ ಹತ್ತಿರ, ಒಂದನೇ ತರಗತಿಯ ಮಗು ಬೆರಳಿಟ್ಟು ಓದಬಹುದು.

ಎಸಿಪಿ, ಸ್ಟೀಲ್ ಅಕ್ಷರದ ಘಟಕಗಳು

ವೇಗ, ಚೊಕ್ಕತನ ಎರಡರಲ್ಲೂ ಇವರು ಮುಂದೆ. ದರ ಹೇಳುವುದರಲ್ಲಿ ಮಾತ್ರ ಗೊಂದಲ. ಬೋರ್ಡಿಗೆ ಚದರಡಿ ಲೆಕ್ಕ, ಸ್ಟೀಲ್ ಅಕ್ಷರಕ್ಕೆ ಇಂಚಿನ ಲೆಕ್ಕ: ಅಕ್ಷರದ ಎತ್ತರ ಗುಣಿಸು ಇಂಚಿನ ದರ ಗುಣಿಸು ಅಕ್ಷರಗಳ ಸಂಖ್ಯೆ. ಅಕ್ಷರ ಎಂದರೆ ಯಾವುದು ಎಂಬಲ್ಲಿ ಜಗಳ ಶುರು. 'ವೆಂಕಣ್ಣಯ್ಯ' ಓದುವವರಿಗೆ ನಾಲ್ಕು ಅಕ್ಷರ. ಕತ್ತರಿಸುವವರಿಗೆ ಉಂಗುರ, ಒತ್ತುಗಳೆಲ್ಲ ಬೇರೆ ಬೇರೆ ತುಂಡು, ಏಳರವರೆಗೆ ಹೋಗುತ್ತದೆ. ಬಿಲ್ ಬರುವಾಗ ಎರಡನೆಯ ಲೆಕ್ಕ ಬಂದರೆ ಮೊತ್ತ ಒಂದೂವರೆ ಪಟ್ಟು ದಾಟುತ್ತದೆ. ಇಡೀ ಹೆಸರಿಗೆ ಇಷ್ಟು ಎಂದು ಒಟ್ಟು ಮೊತ್ತವನ್ನೇ ಕೊಟೇಶನ್‌ನಲ್ಲಿ ಬರೆಸಿಕೊಳ್ಳಿ.

ಸ್ಟೀಲ್‌ನಲ್ಲಿ 304 ದರ್ಜೆ ಬೇಕು, 202 ಅಗ್ಗ, ತುಕ್ಕಿನ ಚುಕ್ಕೆ ಬೇಗ ಬೀಳುತ್ತದೆ. ಅಯಸ್ಕಾಂತ ಹಿಡಿದು ಪರೀಕ್ಷೆ ಮಾಡಿ ತೋರಿಸುತ್ತಾರೆ, ಅದನ್ನು ನಂಬಬೇಡಿ. ಎರಡೂ ದರ್ಜೆಗಳು ಅಯಸ್ಕಾಂತಕ್ಕೆ ಸರಿಯಾಗಿ ಅಂಟುವುದಿಲ್ಲ. ದರ್ಜೆ ತಿಳಿಯಲು ಹನಿ ಹಾಕಿ ಬಣ್ಣ ನೋಡುವ ದ್ರಾವಣ ಸಿಗುತ್ತದೆ, ಒಳ್ಳೆಯ ಘಟಕಗಳಲ್ಲಿ ಇರುತ್ತದೆ. ಇಲ್ಲದಿದ್ದರೆ ಬಿಲ್‌ನಲ್ಲಿ ದರ್ಜೆ ಬರೆಸಿ.

ಎಸಿಪಿ ಶೀಟ್ 3 ಮಿ.ಮೀ. ಮತ್ತು 4 ಮಿ.ಮೀ. ಎಂದು ಹೇಳಿ ಮಾರುತ್ತಾರೆ. ಅದಕ್ಕಿಂತ ಮುಖ್ಯ ಅದರ ಅಲ್ಯುಮಿನಿಯಂ ಪದರ ಎಷ್ಟು ದಪ್ಪ ಎಂಬುದು. 0.25 ಮಿ.ಮೀ. ಇದ್ದರೆ ಹೊರಾಂಗಣಕ್ಕೆ ಸರಿ. ಅಗ್ಗದ ಶೀಟುಗಳಲ್ಲಿ ಅದರ ಅರ್ಧವೂ ಇರುವುದಿಲ್ಲ. ಅಂಥದ್ದು ಬಿಸಿಲಿಗೆ ಅಲೆ ಅಲೆಯಾಗಿ ಉಬ್ಬುತ್ತದೆ. ಮೇಲ್ಲೇಪ ಪಿವಿಡಿಎಫ್ (ಬಿಸಿಲು ತಾಳುವ ಲೇಪ) ಇರಲಿ, ಪಾಲಿಯೆಸ್ಟರ್ ಲೇಪ ಒಳಾಂಗಣಕ್ಕೆ. ಅಕ್ರಿಲಿಕ್ ಅಕ್ಷರಗಳನ್ನು ಡಬಲ್ ಟೇಪ್‌ನಲ್ಲಿ ಅಂಟಿಸಿ ಹೋಗುವುದು ಸಾಮಾನ್ಯ, ಅದು ಎರಡು ಬೇಸಿಗೆ ತಾಳುವುದು ಅನುಮಾನ. ಹಿಂದಿನಿಂದ ಸ್ಕ್ರೂ ಅಥವಾ ಸ್ಟಡ್ ಹಾಕಿಸಿ. 'ಪ್ರೌಢಶಾಲೆ'ಯಿಂದ ಒಂದು ತುಂಡು ಬಿದ್ದು ವರ್ಷಗಟ್ಟಲೆ ಹಾಗೇ ನಿಂತ ಬೋರ್ಡುಗಳನ್ನು ಎಲ್ಲರೂ ಕಂಡಿದ್ದಾರೆ.

ಗಾಳಿಯ ವಿಷಯವನ್ನು ಚಿತ್ರದುರ್ಗದವರಿಗೆ ಹೇಳಿಕೊಡಬೇಕಿಲ್ಲ. ಜೋಗಿಮಟ್ಟಿ ಸಾಲಿನ ಗುಡ್ಡಗಳ ಮೇಲೆ ಗಾಳಿಯಂತ್ರ ನಿಲ್ಲಿಸಿರುವುದು ಸುಮ್ಮನೆ ಅಲ್ಲ. ಗೇಟಿನ ಕಮಾನಿನ ಮೇಲೆ 12 ಅಡಿ ಉದ್ದ, 3 ಅಡಿ ಎತ್ತರದ ಬೋರ್ಡ್ ನಿಲ್ಲಿಸಿದರೆ, ಸೆಕೆಂಡಿಗೆ 33 ಮೀಟರ್ ವೇಗದ ಬಿರುಗಾಳಿ ನೇರ ಬಡಿದಾಗ ಅದರ ಮೇಲೆ ಬೀಳುವ ಒತ್ತಡ ಸುಮಾರು 220 ಕೆ.ಜಿ. ತೂಕಕ್ಕೆ ಸಮ. ಇಷ್ಟನ್ನು ಎರಡು ಆ್ಯಂಗಲ್ ತುಂಡು, ನಾಲ್ಕು ಬೋಲ್ಟ್ ಹೊರಲಾರವು. ಕಬ್ಬಿಣದ 25 ಮಿ.ಮೀ. ಚೌಕದ ಪೈಪಿನ ಫ್ರೇಮ್ ಪ್ರತಿ 2 ಅಡಿಗೊಂದು ಅಡ್ಡಪಟ್ಟಿಯೊಂದಿಗೆ ಇರಲಿ, ಹಿಂದೆ ಓರೆ ಆಸರೆಗಳು ಕಂಬಕ್ಕೆ ವೆಲ್ಡ್ ಆಗಿರಲಿ, ವೆಲ್ಡ್ ಆದ ಜಾಗಕ್ಕೆ ರೆಡ್ ಆಕ್ಸೈಡ್ ಬಿದ್ದಿರಲಿ. ಕೆಳಗೆ ಮಕ್ಕಳು ಓಡಾಡುವ ಜಾಗ ಅದು, ಇದರಲ್ಲಿ ಚೌಕಾಸಿ ಬೇಡ. ಬಯಲು ಪ್ರದೇಶದ ಶಾಲೆಗಳಿಗೆ ಕಮಾನು ಬೋರ್ಡಿಗಿಂತ ಗೋಡೆಗೆ ಒತ್ತಿ ಕೂರುವ ಬೋರ್ಡೇ ವಾಸಿ.

ಪೇಂಟರ್‌ಗಳು

ಇವರ ಕೆಲಸವನ್ನು ಹಗುರವಾಗಿ ನೋಡುವವರಿದ್ದಾರೆ, ಅದು ತಪ್ಪು. ಹಂತ, ತಾಲ್ಲೂಕು, ಜಿಲ್ಲೆಯಂಥ ಬದಲಾಗುವ ಸಾಲುಗಳಿಗೆ ಕೈಬರಹದಷ್ಟು ಅನುಕೂಲ ಬೇರೆ ಇಲ್ಲ. ಒತ್ತಕ್ಷರ ತಪ್ಪಿದರೆ ಅಲ್ಲೇ ಅಳಿಸಿ ಬರೆಯುತ್ತಾರೆ, ಅಕ್ಷರಗಳ ನಡುವಿನ ಜಾಗವನ್ನು ಕಣ್ಣಳತೆಯಲ್ಲೇ ಹೊಂದಿಸುತ್ತಾರೆ. ಕೆಡುವುದು ಬಹುಪಾಲು ಗೋಡೆಯ ತಯಾರಿಯಲ್ಲಿ. ಸುಣ್ಣ ಬಳಿದ ಗೋಡೆ ಮೇಲೆ ನೇರ ಎನಾಮೆಲ್ ಹಾಕಿದರೆ ಸುಣ್ಣದ ಸಮೇತ ಹಪ್ಪಳೆ ಏಳುತ್ತದೆ. ಸುಣ್ಣವನ್ನು ಪೂರ್ತಿ ಕೆರೆದು, ಪ್ರೈಮರ್ ಹಾಕಿ, ಹೊರಾಂಗಣದ ಎಮಲ್ಷನ್ ಎರಡು ಕೋಟ್ ಬಳಿದು, ಅದು ಒಣಗಿದ ಮೇಲೆ ಅಕ್ಷರ. ತಳದಿಂದ ತೇವ ಏರುವ ಗೋಡೆಯಲ್ಲಿ ಬಿಳಿ ಉಪ್ಪು ಬಿಡುತ್ತದೆ, ಅಂಥ ಗೋಡೆಯಲ್ಲಿ ನೆಲದಿಂದ 4 ಅಡಿಗಿಂತ ಕೆಳಗೆ ಬರೆಸಬೇಡಿ.

ಫ್ಲೆಕ್ಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 2016ರ ರಾಜ್ಯ ಅಧಿಸೂಚನೆಯ ಪ್ಲಾಸ್ಟಿಕ್ ನಿಷೇಧದ ಪಟ್ಟಿಯಲ್ಲಿ ಅದೂ ಇದೆ. ಸಮಾರಂಭದ ದಿನಕ್ಕೆ ಬಟ್ಟೆಯ ಬ್ಯಾನರ್ ಸಾಕು.

ಅಕ್ಷರದ ಫೈಲು

ತಪ್ಪುಗಳು ಹುಟ್ಟುವುದು ಯಂತ್ರದ ಹತ್ತಿರವಲ್ಲ, ಕಂಪ್ಯೂಟರ್ ಹತ್ತಿರ. ಎಲ್ಲ ಅಂಗಡಿಯಲ್ಲೂ ಕೋರೆಲ್‌ಡ್ರಾ ಎಂಬ ವಿನ್ಯಾಸ ತಂತ್ರಾಂಶ, ಅದರಲ್ಲಿ ಹಳೆಯ ನುಡಿ ಅಥವಾ ಶ್ರೀಲಿಪಿ ತಂತ್ರಾಂಶದ ಅಕ್ಷರಗಳು. ನೀವು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದು ಯುನಿಕೋಡ್, ಅಂದರೆ ಫೋನುಗಳು ಬಳಸುವ ಬೇರೆ ಅಕ್ಷರ ಸಂಕೇತ. ಅದನ್ನು ಹಾಗೇ ಅಂಟಿಸಿದರೆ ಹಳೆ ಕೋರೆಲ್‌ನಲ್ಲಿ ಒತ್ತಕ್ಷರ ಪಕ್ಕಕ್ಕೆ ಬಂದು ಕೂರುತ್ತದೆ, ಅರ್ಕಾವೊತ್ತು ಹಿಂದೆ ಮುಂದೆ ಆಗುತ್ತದೆ. ಹಾಗಾಗಿ ಅವರು ಮತ್ತೆ ಟೈಪ್ ಮಾಡುತ್ತಾರೆ, ಟೈಪ್ ಮಾಡುವಾಗ ಹೊಸ ತಪ್ಪು ಸೇರುತ್ತದೆ. 'ಪ್ರೌಢ'ದಲ್ಲಿ ಢ ಹೋಗಿ ಡ ಬರುವುದು, 'ಸ್ಮಾರಕ'ದ ಮಕಾರ ಮಾಯವಾಗುವುದು, 'ಕೃಷ್ಣ' ಹೋಗಿ 'ಕ್ರಷ್ಣ' ಆಗುವುದು ಇಲ್ಲಿಂದಲೇ. ಸರಿಯಾದ ದಾರಿ: ಆದೇಶದ ಪ್ರತಿಯಲ್ಲಿ ಇರುವಂತೆ ಹೆಸರನ್ನು ಟೈಪ್ ಮಾಡಿ ಪಿಡಿಎಫ್ ಕೊಡುವುದು, ಅವರ ಕಡೆಯಿಂದ ಅಕ್ಷರವನ್ನು ಕರ್ವ್ ಆಗಿ (ಗೆರೆಗಳ ಚಿತ್ರವಾಗಿ) ಬದಲಿಸಿದ ಫೈಲಿನ ಪ್ರಿಂಟ್ ತರಿಸಿಕೊಳ್ಳುವುದು. ಆ ಪ್ರಿಂಟ್ ಎ4 ಹಾಳೆಯಲ್ಲಿ ಬೇಡ, ಪೂರ್ತಿ ಗಾತ್ರದಲ್ಲಿ ಪ್ಲಾಟರ್ ಕಾಗದದ ಮೇಲೆ ಬರಲಿ. ಅದನ್ನು ಶಾಲೆಯ ಗೋಡೆಗೆ ಅಂಟಿಸಿ, ರಸ್ತೆಯಿಂದ ಓದಿ ನೋಡಿ. ಗುರುಗಳ ಮನೆಯವರಲ್ಲಿ ಒಬ್ಬರಿಂದ, ಈ ಕೆಲಸದಲ್ಲಿ ಇಲ್ಲದ ಕನ್ನಡ ಶಿಕ್ಷಕರೊಬ್ಬರಿಂದ ಓದಿಸಿ, ಇಬ್ಬರ ಸಹಿ ಹಾಕಿಸಿ. ಅದಾದ ಮೇಲಷ್ಟೇ ಕಲ್ಲಿಗೆ ಕೈ ಹಚ್ಚಬೇಕು.

ಇನಿಶಿಯಲ್‌ನಲ್ಲಿ ವಿಶೇಷ ಎಚ್ಚರ ಬೇಕು. ತಳುಕಿನ ಅಣ್ಣ ತಮ್ಮಂದಿರಲ್ಲೇ ಒಬ್ಬರನ್ನು ಟಿ.ಎಸ್. ವೆಂಕಣ್ಣಯ್ಯ ಎಂದೂ ಇನ್ನೊಬ್ಬರನ್ನು ತ.ಸು. ಶಾಮರಾಯ ಎಂದೂ ಬರೆಯುವುದು ರೂಢಿ. ಗುರುಗಳು ತಮ್ಮ ಸಹಿಯಲ್ಲಿ ಹೇಗೆ ಬರೆಯುತ್ತಿದ್ದರೋ ಹಾಗೇ ಠರಾವಿನಲ್ಲಿ ಬರಲಿ, ಠರಾವಿನಂತೆ ಆದೇಶ, ಆದೇಶದಂತೆ ಫಲಕ. ಮಧ್ಯದಲ್ಲಿ ಯಾರೂ 'ಚೆಂದ' ಮಾಡಬಾರದು. ಹೆಸರನ್ನು ಮೊದಲೇ ಚುಟುಕು ಮಾಡಿ ಬರೆಸುವುದೂ ಬೇಡ. ದಾವಣಗೆರೆಯಲ್ಲಿ ಬಿರುದೂ ಸೇರಿದ ರಾಜನಹಳ್ಳಿ ಮದ್ದೂರಾಯಪ್ಪನವರ ಹೆಸರಿನ ಕಾಲೇಜನ್ನು ಜನ ಡಿ.ಆರ್.ಎಂ. ಎಂದೇ ಕರೆಯುತ್ತಾರೆ. ಬಾಯಲ್ಲಿ ಹೆಸರು ತಾನಾಗಿ ಚಿಕ್ಕದಾಗುತ್ತದೆ, ಫಲಕದಲ್ಲಾದರೂ ಪೂರ್ತಿ ಇರಬೇಕು.

ಖಾಸಗಿ ಮತ್ತು ಅನುದಾನಿತ ಸಂಸ್ಥೆಗಳು ಇಂಗ್ಲಿಷ್ ಹೆಸರನ್ನೂ ಹಾಕುವುದಿದ್ದರೆ, ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ 2024ರ ತಿದ್ದುಪಡಿಯಂತೆ ಫಲಕದ ಶೇ 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಈ ಅಳತೆಯನ್ನು ವಿನ್ಯಾಸದ ಹಂತದಲ್ಲೇ ಹಾಕಿಸಿ.

ಇನ್ನೊಂದು ಮಾತನ್ನು ಗಟ್ಟಿಯಾಗಿ ಹೇಳಬೇಕಿದೆ. ಉದ್ಘಾಟಕರು, ಅಧ್ಯಕ್ಷತೆ, ಘನ ಉಪಸ್ಥಿತಿ ಎಂದು ಶಿಷ್ಟಾಚಾರದ ಹೆಸರುಗಳು ಇಪ್ಪತ್ತು ಸಾಲು ಬರುತ್ತವೆ. ಅವನ್ನು ಗುರುಗಳ ಹೆಸರಿನ ಕಲ್ಲಿನಲ್ಲೇ ಸೇರಿಸಿದರೆ ಅಕ್ಷರ ಅರ್ಧ ಇಂಚಿಗೆ ಇಳಿದು ಮುಚ್ಚಿಕೊಳ್ಳುತ್ತವೆ, ಗುರುಗಳ ಹೆಸರಿಗೆ ಉಳಿಯುವುದು ಮೇಲಿನ ಒಂದು ಸಾಲು. ಉದ್ಘಾಟನಾ ಫಲಕವನ್ನು 2 ಅಡಿಗೆ 3 ಅಡಿಯ ಬೇರೆ ಕಲ್ಲಿನಲ್ಲಿ, ಒಳಗಿನ ಪಡಸಾಲೆಯ ಗೋಡೆಗೆ ಹಾಕಿಸಿ. ಅಲ್ಲಿ ಲೇಸರ್ ಆದರೂ ನಡೆಯುತ್ತದೆ. ಯಾರಿಗೂ ಅಗೌರವವಾಗುವುದಿಲ್ಲ, ಗೇಟಿನ ಕಲ್ಲು ಯಾರ ಸಲುವಾಗಿ ಇದೆಯೋ ಅವರದ್ದಾಗಿ ಉಳಿಯುತ್ತದೆ.

ಸಮಯ, ಹಣ, ಮೊಹರು

ಕಲ್ಲಿನ ಕೆಲಸಕ್ಕೆ ಪರೀಕ್ಷೆಯ ಚೂರು, ಪ್ರಿಂಟ್ ತಿದ್ದುಪಡಿ, ಕೊರೆತ, ಬಣ್ಣ ಒಣಗುವುದು, ಕೂರಿಸುವುದು ಸೇರಿ ಮೂರು ವಾರ ಇಟ್ಟುಕೊಳ್ಳಿ. ಆಗಸ್ಟ್ 15, ಸೆಪ್ಟೆಂಬರ್ 5ರ ಶಿಕ್ಷಕರ ದಿನ, ನವೆಂಬರ್ 1, ಜನವರಿ 26ರ ಹಿಂದಿನ ಹದಿನೈದು ದಿನ ಎಲ್ಲ ಅಂಗಡಿಗಳೂ ತುಂಬಿರುತ್ತವೆ. ಶಿಕ್ಷಕರ ದಿನಕ್ಕೆ ಬೇಕೆಂದರೆ ಆಗಸ್ಟ್ ಮೊದಲ ವಾರದಲ್ಲೇ ಸಹಿ ಮಾಡಿದ ಪ್ರಿಂಟ್ ಯಾರ್ಡ್ ಸೇರಿರಬೇಕು. ಆದೇಶ ಕೈಗೆ ಬರುವ ಮುನ್ನ ಮಾತ್ರ ಕೊರೆಸಬೇಡಿ. ಆದೇಶದಲ್ಲಿ 'ಸ್ಮಾರಕ' ಎಂಬ ಪದ ಸೇರಿಯೋ ಬಿಟ್ಟೋ ಬಂದರೆ ಕಲ್ಲು ವ್ಯರ್ಥ. ಒಳ್ಳೆಯ ಯಾರ್ಡ್‌ನವರು 'ಆದೇಶದ ಪ್ರತಿ ಇದೆಯಾ' ಎಂದು ತಾವೇ ಕೇಳುತ್ತಾರೆ. ಮುಂಗಡ ಮೂರನೇ ಒಂದು ಭಾಗ, ಕೊರೆದ ಕಲ್ಲನ್ನು ಯಾರ್ಡ್‌ನಲ್ಲಿ ನೋಡಿದ ಮೇಲೆ ಇನ್ನೊಂದು ಭಾಗ, ಉಳಿದದ್ದು ಗೋಡೆಗೆ ಕೂತ ಮೇಲೆ. ಅಕ್ಷರ ತಪ್ಪಾದರೆ ಯಾರ ಖರ್ಚು ಎಂಬುದನ್ನು ಚೀಟಿಯಲ್ಲಿ ಬರೆಸಿ: ಸಹಿ ಆದ ಪ್ರಿಂಟ್‌ನಂತೆ ಇಲ್ಲದಿದ್ದರೆ ಅಂಗಡಿಯದ್ದು, ಪ್ರಿಂಟ್‌ನಲ್ಲೇ ತಪ್ಪಿದ್ದರೆ ಸಮಿತಿಯದ್ದು.

ಫಲಕದ ಜೊತೆಗೇ ಮೊಹರು ಮಾಡಿಸಿ. ಮುಖ್ಯೋಪಾಧ್ಯಾಯರ ಆಯತದ ಮೊಹರು, ಶಾಲೆಯ ದುಂಡು ಮೊಹರು ಎರಡೂ ಬದಲಾಗಬೇಕು. ದುಂಡು ಮೊಹರಿನಲ್ಲಿ ಉದ್ದ ಹೆಸರು ಹಿಡಿಯುವುದಿಲ್ಲ. 38 ಮಿ.ಮೀ. ವ್ಯಾಸಕ್ಕಿಂತ ಸಣ್ಣದರಲ್ಲಿ ಒತ್ತಕ್ಷರ ಶಾಯಿಯಲ್ಲಿ ಮುಳುಗುತ್ತವೆ. ವರ್ಗಾವಣೆ ಪತ್ರ, ವ್ಯಾಸಂಗ ಪ್ರಮಾಣಪತ್ರಗಳಲ್ಲಿ ಹೊಸ ಹೆಸರಿನ ಕೆಳಗೆ 'ಹಿಂದಿನ ಹೆಸರು' ಎಂದು ಹಳೆಯದನ್ನೂ ಒಂದು ಸಾಲು ಮುದ್ರಿಸಿ. ಹಳೆ ಹೆಸರಿನಲ್ಲಿ ಅಂಕಪಟ್ಟಿ ಪಡೆದವರು ನೇಮಕಾತಿಗೋ ಪಾಸ್‌ಪೋರ್ಟ್‌ಗೋ ಪರಿಶೀಲನೆಗೆ ಬಂದಾಗ ಆ ಒಂದು ಸಾಲು ಅವರನ್ನು ಕಚೇರಿ ಅಲೆಯದಂತೆ ಉಳಿಸುತ್ತದೆ. 29ರಿಂದ ಶುರುವಾಗುವ 11 ಅಂಕಿಯ ಯು-ಡೈಸ್ ಸಂಖ್ಯೆಯನ್ನೂ ಅದರ ಪಕ್ಕದಲ್ಲೇ ಹಾಕಿಸಿ, ಹೆಸರು ಬೇರೆಯಾದರೂ ಶಾಲೆ ಅದೇ ಎಂದು ತೋರಿಸಲು ಸುಲಭ. ವಿದ್ಯಾರ್ಥಿಗಳ ದಾಖಲೆ ಇಡುವ ಸ್ಯಾಟ್ಸ್ ತಂತ್ರಾಂಶದಲ್ಲಿ ಮತ್ತು ಎಸ್‌ಡಿಎಂಸಿ ಬ್ಯಾಂಕ್ ಖಾತೆಯಲ್ಲಿ ಹೆಸರು ಬದಲಿಸಲು ಆದೇಶದ ದೃಢೀಕೃತ ಪ್ರತಿಗಳು ಬೇಕಾಗುತ್ತವೆ, ಹತ್ತು ಪ್ರತಿ ಒಟ್ಟಿಗೇ ತೆಗೆಸಿ ಇಡಿ. ಹಳೆ ಮೊಹರುಗಳನ್ನು ಎಸೆಯದೆ, ದಾಖಲಾತಿ ವಹಿಯಲ್ಲಿ ಕೊನೆಯ ಮುದ್ರೆ ಒತ್ತಿ, ದಿನಾಂಕ ಬರೆದು, ಮುಖ್ಯೋಪಾಧ್ಯಾಯರ ಬೀರುವಿನಲ್ಲಿ ಲಕೋಟೆ ಹಾಕಿ ಇಡಬೇಕು.